ಚಿರೆಕಲ್ಲಿನ ಗೋಡೆಗೆ ವಿನೈಲ್: ನಾಲ್ಕು ಬಗೆ ಹಚ್ಚಿ ನೋಡಿದೆ

ಕಾರವಾರದ ಕೋಡಿಬಾಗದಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಅಂಗಡಿ ಇದೆ. ಗಾಜಿಗೆ, ಗಾಡಿಗೆ ವಿನೈಲ್, ಅಂದರೆ ಚಿತ್ರ ಪ್ರಿಂಟ್ ಮಾಡಿದ ಅಂಟಿನ ಪ್ಲಾಸ್ಟಿಕ್ ಹಾಳೆ, ಹಚ್ಚುವುದು ದಿನದ ಕೆಲಸ. ಗೋಡೆಯೂ ಹಾಗೇ ಅಂದುಕೊಂಡಿದ್ದೆ. ಗೋಕರ್ಣದ ಹತ್ತಿರ ಒಂದು ಹೋಮ್‌ಸ್ಟೇ ಕಂಪೌಂಡಿಗೆ ಮಾಮೂಲಿ ವಿನೈಲ್ ಹಚ್ಚಿ ಬಂದೆ. ಮೇ ತಿಂಗಳಲ್ಲಿ ಕಡಲಿನ ಚಿತ್ರ ಚೆಂದ ಕಾಣುತ್ತಿತ್ತು. ಜುಲೈನಲ್ಲಿ ಮೇಲಿನ ಅಂಚು ಬಿಟ್ಟು, ಮಳೆಯಲ್ಲಿ ನೆನೆದ ಬಟ್ಟೆಯ ಹಾಗೆ ಜೋತು ಬಿದ್ದಿತ್ತು. ದುಡ್ಡು ವಾಪಸ್ ಕೊಟ್ಟೆ. ಮನಸ್ಸಿಗೆ ಬಹಳ ಬೇಜಾರಾಯಿತು.

ಆಮೇಲೆ ಅಂಗಡಿಯ ಹಿಂದಿನ ಗೋಡೆಯನ್ನೇ ಪರೀಕ್ಷೆಗೆ ಇಟ್ಟುಕೊಂಡೆ. ಅರ್ಧ ಗಿಲಾಯಿ (ಸಿಮೆಂಟ್ ಪ್ಲಾಸ್ಟರ್) ಮಾಡಿ ಪೇಂಟ್ ಹೊಡೆದದ್ದು, ಅರ್ಧ ಚಿರೆಕಲ್ಲಿನ (ತೂತು ತೂತಾದ ಕೆಂಪು ಕಲ್ಲು) ಮೇಲೆ ನೇರ ಪೇಂಟ್. ಪಡುವಣಕ್ಕೆ ಮುಖ, ಕಡಲ ಗಾಳಿ ಸೀದಾ ಬಡಿಯುತ್ತದೆ. ಮಾಮೂಲಿ ವಿನೈಲ್, ಒರಟು ಗೋಡೆಗೆಂದೇ ಮಾಡಿದ ಕಾಸ್ಟ್ ವಿನೈಲ್, ಸನ್‌ಬೋರ್ಡಿಗೆ (ಹಗುರವಾದ ಪ್ಲಾಸ್ಟಿಕ್ ಫೋಮ್ ಹಲಗೆ) ಅಂಟಿಸಿ ಸ್ಕ್ರೂ ಹೊಡೆದದ್ದು, ಮತ್ತೆ ಪೇಂಟರ್ ಕೈಯಲ್ಲಿ ಬರೆಸಿದ್ದು, ಹೀಗೆ ನಾಲ್ಕು. ಎರಡು ಮಳೆಗಾಲ ಕಳೆದಿದೆ.

ಮಾಮೂಲಿ ವಿನೈಲ್ ಚಪಾತಿ ಇದ್ದ ಹಾಗೆ. ಬಿಸಿ ರೋಲರುಗಳ ನಡುವೆ ಲಟ್ಟಿಸಿ ಎಳೆದು ಮಾಡಿದ್ದು. ಆ ಎಳೆತ ಒಳಗೇ ಉಳಿದಿರುತ್ತದೆ, ಬಿಸಿಲು ಬಿದ್ದ ಕೂಡಲೇ ಕುಗ್ಗಲು ನೋಡುತ್ತದೆ. ಕಾಸ್ಟ್ ವಿನೈಲ್ ನಮ್ಮ ಕಡೆಯ ತೆಳು ದೋಸೆ ತೆಳ್ಳೇವಿನ ಹಾಗೆ. ದ್ರವವಾಗಿ ಹೊಯ್ದು ಒಣಗಿಸಿದ್ದು, ದಪ್ಪ ಸುಮಾರು 50 ಮೈಕ್ರಾನ್. ಬಿಸಿ ಕೊಟ್ಟರೆ ಎಲ್ಲಿಗೆ ಒತ್ತುತ್ತೀರೋ ಅಲ್ಲಿ ಕೂರುತ್ತದೆ. ಹಿಂದಿನ ಅಂಟೂ ಜಾಸ್ತಿ ಗಟ್ಟಿ.

ನನ್ನ ಗೋಡೆಯ ಮೇಲೆ ಆದದ್ದೂ ಹಾಗೇ. ಮಾಮೂಲಿ ವಿನೈಲ್ ಚಿರೆಕಲ್ಲಿನ ಮೇಲೆ ಹನ್ನೊಂದು ದಿನ ನಿಂತಿತು, ಅಷ್ಟೇ. ಕಲ್ಲಿನ ಉಬ್ಬುಗಳನ್ನು ಮಾತ್ರ ಮುಟ್ಟಿತ್ತು, ತೂತುಗಳ ಮೇಲೆ ಡೇರೆ ಕಟ್ಟಿದ ಹಾಗೆ ನಿಂತಿತ್ತು. ಕಿತ್ತು ಹಿಂದೆ ನೋಡಿದರೆ ಅಂಟಿನ ತುಂಬ ಕೆಂಪು ಧೂಳು. ಅಂಟು ಹಿಡಿದದ್ದು ಗೋಡೆಯನ್ನಲ್ಲ, ಧೂಳನ್ನು. ಆದರೆ ಅದೇ ವಿನೈಲನ್ನು ಶಿರಸಿಯ ಒಂದು ಕ್ಲಿನಿಕ್ಕಿನ ಒಳಗೋಡೆಗೆ, ನಯವಾದ ಪುಟ್ಟಿ ಮೇಲೆ ಹಚ್ಚಿದ್ದೆ. ಇವತ್ತಿಗೂ ಒಂದು ಮೂಲೆ ಎದ್ದಿಲ್ಲ. ಹಾಗಾಗಿ ಅದನ್ನು ಕೆಟ್ಟದ್ದು ಅನ್ನಲಾರೆ. ಆದರೆ ಕಲೆ ಹಿಡಿಯದ, ತೊಳೆಯಬಹುದಾದ ಪೇಂಟ್ ಹೊಡೆದ ಗೋಡೆ ಇದ್ದರೆ ಹುಷಾರಾಗಿರಿ. ಕೊಳೆ ಅಂಟದ ಗೋಡೆಗೆ ನಮ್ಮ ವಿನೈಲೂ ಸರಿಯಾಗಿ ಅಂಟುವುದಿಲ್ಲ.

ಕಾಸ್ಟ್ ವಿನೈಲ್ ಹಚ್ಚುವುದು ಬೇರೆಯೇ ಕೆಲಸ. ನೀರು ಸಿಂಪಡಿಸುವಂತಿಲ್ಲ, ಒಣ ಗೋಡೆಗೇ ಹಚ್ಚಬೇಕು. ಮೊದಲು ಸುಮ್ನೆ ಕೈಯಿಂದ ಸವರಿ ನಿಲ್ಲಿಸುತ್ತೇವೆ. ಆಮೇಲೆ ಒಂದು ಕೈಯಲ್ಲಿ ಹೀಟ್ ಗನ್, ಇನ್ನೊಂದರಲ್ಲಿ ಫೋಮ್ ರೋಲರ್. ಬಿಸಿ ತಾಗಿದ ಕಡೆ ಹಾಳೆ ಒಮ್ಮೆ ಹೊಳೆಯುತ್ತದೆ, ಸ್ವಲ್ಪ ಸಡಿಲ ಆಗುತ್ತದೆ. ಆ ಕ್ಷಣದಲ್ಲೇ ರೋಲರ್ ಒತ್ತಬೇಕು. ಕಲ್ಲಿನ ಒಂದೊಂದೇ ತೂತಿಗೆ ಹಾಳೆ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಕೊನೆಗೆ ಸ್ಟಿಕ್ಕರ್ ಅನ್ನಿಸುವುದೇ ಇಲ್ಲ, ಗೋಡೆಗೇ ಬರೆದ ಹಾಗಿರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಖುಷಿ ಕೊಡುವ ಕೆಲಸ ಇದು.

ಕಲ್ಲಿನ ಸಂದು ಆಳ ಇದ್ದರೆ ಮಾತ್ರ ಇದೂ ಸೋಲುತ್ತದೆ. ಸಂದಿನ ಮೇಲೆ ಬಿಗಿಯಾಗಿ ನಿಂತ ಹಾಳೆ ಒಂದು ದಿನ ಹರಿಯುತ್ತದೆ. ಮೊದಲೇ ಸಿಮೆಂಟ್ ತುಂಬಿಸಿ, ಇಲ್ಲವೇ ಸಂದಿನ ಉದ್ದಕ್ಕೂ ಬ್ಲೇಡ್ ಎಳೆದು ಎರಡೂ ಅಂಚನ್ನು ಒಳಗೆ ಒತ್ತಿ. ಎರಡನೇ ಮಳೆಗಾಲ ಮುಗಿದಾಗ ನನ್ನ ತುಂಡು ಕೆಳಗಡೆ ಒಂದು ಗೇಣಿನಷ್ಟು ಉಬ್ಬಿತ್ತು. ನೆಲದ ತೇವವನ್ನು ಚಿರೆಕಲ್ಲು ಎಳೆದುಕೊಳ್ಳುತ್ತದೆ, ಜೊತೆಗೆ ಬಿಳಿ ಉಪ್ಪೂ ಬರುತ್ತದೆ. ಈಗ ನೆಲದಿಂದ ಎರಡು ಅಡಿ ಬಿಟ್ಟೇ ಹಚ್ಚುತ್ತೇನೆ. ಉಳಿದದ್ದೆಲ್ಲ ಗಟ್ಟಿಯಾಗಿದೆ.

ಸನ್‌ಬೋರ್ಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೋಡೆ ಹೇಗಿದ್ದರೂ ನಡೆಯುತ್ತದೆ. ಸ್ಕ್ರೂ ಮಾತ್ರ ಸ್ಟೇನ್‌ಲೆಸ್ ಸ್ಟೀಲಿನದ್ದೇ ಹಾಕಿ, ಇಲ್ಲದಿದ್ದರೆ ಒಂದೇ ಮಳೆಗೆ ತುಕ್ಕಿನ ನೀರು ಚಿತ್ರದ ಮೇಲೆ ಇಳಿಯುತ್ತದೆ.

ಪೇಂಟರ್ ಬರೆದದ್ದು ಸ್ವಲ್ಪ ಮಾಸಿದೆ, ಬುಡದಲ್ಲಿ ಪಾಚಿ ಹಿಡಿದಿದೆ. ಆದರೆ ಎಲ್ಲೂ ಎದ್ದಿಲ್ಲ. ಏಳಲು ಅಲ್ಲಿ ಹಾಳೆಯೇ ಇಲ್ಲ ಅಲ್ವಾ. ಶಾಲೆ, ಅಂಗನವಾಡಿಯವರು ಹೊರಗೋಡೆಗೆ ಕೇಳಿದರೆ ನಾನೇ ಪೇಂಟರ್ ಹತ್ತಿರ ಕಳಿಸುತ್ತೇನೆ. ಫೋಟೋದಂಥ ಚಿತ್ರ ಬೇಕು ಅಂದರೆ ಮಾತ್ರ ವಿನೈಲ್.

ಇನ್ನು ದರ. ಲ್ಯಾಮಿನೇಷನ್, ಹಚ್ಚುವ ಕೂಲಿ ಸೇರಿ ಚದರ ಅಡಿಗೆ ನಾನು ತೆಗೆದುಕೊಳ್ಳುವುದು ಹೀಗೆ: ಮಾಮೂಲಿ 55 ರೂಪಾಯಿ, ಸನ್‌ಬೋರ್ಡ್ 110, ಕಾಸ್ಟ್ 260. ನನ್ನ ಪೇಂಟರ್ 120 ತೆಗೆದುಕೊಂಡರು. ಕಾಸ್ಟ್ ದರ ಕೇಳಿ ಜನ ಗಾಬರಿಯಾಗುತ್ತಾರೆ. ಹಾಳೆಯ ಬೆಲೆ ಒಂದು ಕಾರಣ, ಸಮಯ ಇನ್ನೊಂದು. 80 ಚದರ ಅಡಿ ನಯವಾದ ಗೋಡೆಗೆ ಇಬ್ಬರಿಗೆ ಎರಡು ತಾಸು ಸಾಕು. ಚಿರೆಕಲ್ಲಿಗೆ ಇಡೀ ದಿನ ಬೇಕು.

ಅಳತೆಯಲ್ಲೂ ಕಳೆದುಕೊಂಡಿದ್ದೇನೆ. ನಾನು ತರಿಸುವ ರೋಲಿನ ಅಗಲ 54 ಇಂಚು. ಗೋಡೆ 10 ಅಡಿ ಅಗಲ ಇದ್ದರೆ ಎರಡು ಪಟ್ಟಿ ಸಾಲುವುದಿಲ್ಲ, ಮೂರನೆಯದರಲ್ಲಿ ಮುಕ್ಕಾಲು ಭಾಗ ದಂಡ. ಎತ್ತರ 8 ಅಡಿ ಅಂದರೆ ಬಿಲ್ಲು 80 ಚದರ ಅಡಿಗೆ, ಖರ್ಚಾಗುವ ಹಾಳೆ 108ಕ್ಕಿಂತ ಜಾಸ್ತಿ. ಈಗ ಮೊದಲೇ ಹೇಳುತ್ತೇನೆ: ಚಿತ್ರವನ್ನು ಎಂಟೂವರೆ ಅಡಿಗೆ ಇಳಿಸಿ, ಎರಡೇ ಪಟ್ಟಿಯಲ್ಲಿ ಮುಗಿಯುತ್ತದೆ. ಹೆಚ್ಚಿನವರು ಒಪ್ಪುತ್ತಾರೆ.

ಗೋಡೆ ತಯಾರಿಗೆ ಬೇರೆ ದುಡ್ಡು, ಚದರ ಅಡಿಗೆ 30. ಪಾಚಿ ಉಜ್ಜಬೇಕು, ಸುಣ್ಣ ಇದ್ದರೆ ಕೆರೆಯಬೇಕು, ಪ್ರೈಮರ್ ಹೊಡೆಯಬೇಕು. ಹೊಸ ಗಿಲಾಯಿ ಆದರೆ 28 ದಿನ, ಪೇಂಟ್ ಆದ ಮೇಲೆ ಮತ್ತೆ ಮೂರ್ನಾಲ್ಕು ವಾರ ಕಾಯಬೇಕು. ಮುಂದೆ ಯಾವತ್ತಾದರೂ ಕಾಸ್ಟ್ ಕಿತ್ತರೆ ಪೇಂಟೂ ಜೊತೆಗೆ ಬರುತ್ತದೆ. ಅದನ್ನೂ ಬಿಲ್ಲಿನ ಮೇಲೆ ಬರೆದು ಕೊಡುತ್ತೇನೆ.

ಯಾವ ಗೋಡೆಗೂ ಈಗ ನೋಡದೆ ದರ ಹೇಳುವುದಿಲ್ಲ. ಒಂದೂವರೆ ಅಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಬದಿಗೆ ಟೇಪ್ ಹಾಕಿ ಒಂದು ದಿನ ಬಿಡುತ್ತೇನೆ. ಒಳಗೆ ನೀರಿನ ಹನಿ ಕಂಡರೆ ಕೆಲಸ ಮುಂದೂಡುತ್ತೇನೆ. ಪಕ್ಕದಲ್ಲೇ ಒಂದಿಂಚು ಅಗಲದ ವಿನೈಲ್ ಪಟ್ಟಿ ಮೂರು ಕಡೆ ಒತ್ತಿ, ಮರುದಿನ ನಿಧಾನ ಎಳೆಯುತ್ತೇನೆ. ಪಟ್ಟಿ ಗಟ್ಟಿಯಾಗಿ ಹಿಡಿದುಕೊಂಡು ಸುಲಭಕ್ಕೆ ಬರದಿದ್ದರೆ ಸರಿ. ಪೇಂಟ್ ಸಮೇತ ಬಂದರೆ ಮೊದಲು ಪೇಂಟ್ ಕೆಲಸ.

ಗೋಕರ್ಣದ ಆ ಹೋಮ್‌ಸ್ಟೇಯವರು ಮೊನ್ನೆ ಮತ್ತೆ ಕರೆದರು. ಅದೇ ಕಂಪೌಂಡು, ಅದೇ ಕಡಲಿನ ಚಿತ್ರ. ಮೂರು ಪಟ್ಟಿ ಒತ್ತಿ ಬಂದಿದ್ದೇನೆ. ನಾಳೆ ಬೆಳಿಗ್ಗೆ ಹೋಗಿ ಎಳೆದು ನೋಡಬೇಕು. ದರ ಆಮೇಲೆ.