ಟೇಬಲ್ ನಡುವೆ ಕೆಂಡ, ಕೈಗೆ ಎರಡು ಬ್ರಷ್: ನಾಲ್ಕು ವರ್ಷದ ಗ್ರಿಲ್ ಊಟ

ಬ್ರಷ್‌ನಿಂದಲೇ ಶುರು ಮಾಡುತ್ತೇನೆ. ಟೇಬಲ್ ನಡುವಿನ ಗುಂಡಿಯಲ್ಲಿ ಕೆಂಡ ಇಳಿಸಿ, ಕಂಬಿಗೆ ಚುಚ್ಚಿದ ಪನೀರ್, ಕೋಳಿ, ಸೀಗಡಿ ತಂದಿಡುವ ಹೋಟೆಲ್‌ಗಳಲ್ಲಿ ಮಸಾಲೆ ಎಣ್ಣೆ ಸವರಲು ಒಂದು ಪುಟ್ಟ ಬ್ರಷ್ ಕೊಡುತ್ತಾರೆ. ಒಂದೇ ಒಂದು. ಅದು ಕೋಳಿಯ ಮೇಲೆ ಆಡಿ, ಎಣ್ಣೆ ಬಟ್ಟಲಲ್ಲಿ ಅದ್ದಿ, ಹಾಗೇ ಪನೀರ್ ಮೇಲೆ ಬರುತ್ತದೆ. ಎಲ್ಲರೂ ಮಾಂಸ ತಿನ್ನುವ ಟೇಬಲ್‌ನಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಅರ್ಧ ವೆಜ್, ಅರ್ಧ ನಾನ್‌ವೆಜ್ ಇರುವ ಮನೆಯವರು ಕೂತಾಗ ಮಾತ್ರ ಹತ್ತೇ ನಿಮಿಷದಲ್ಲಿ ಹಿರಿಯರು ತಟ್ಟೆ ಪಕ್ಕಕ್ಕೆ ಸರಿಸಿ, "ನಂಗೆ ಮೊಸರನ್ನ ಸಾಕಪ್ಪ, ನೀವು ತಿನ್ನಿ" ಅಂದುಬಿಡುತ್ತಾರೆ. 849 ರೂಪಾಯಿಯ ಬಫೆ ಅಲ್ಲಿಗೆ ಒಂದು ಸೌಟು ಮೊಸರನ್ನಕ್ಕೆ ಇಳಿಯಿತು.

ನಾನು ಹೇಳುತ್ತಿರುವ ಜಾಗ ಬೆಂಗಳೂರಿನ ದಕ್ಷಿಣ ಭಾಗದ್ದು. ಕೆಳಗೆ ಗ್ರಿಲ್ ರೆಸ್ಟೋರೆಂಟ್, ಮೇಲಿನ ಮಹಡಿ ಮತ್ತು ಟೆರೇಸ್‌ನಲ್ಲಿ ಪಬ್. ದೊಡ್ಡ ಸರಣಿಯ ಹೋಟೆಲ್ ಅಲ್ಲ, ಹೆಸರು ಬರೆಯುವುದಿಲ್ಲ. ಎರಡು ತಿಂಗಳಿಗೊಮ್ಮೆಯಂತೆ ನಾಲ್ಕು ವರ್ಷದ ಬಳಕೆ. ಕೂರುವವರು ಎಂಟು ಜನ: ನಾಲ್ವರು ವೆಜ್, ಮೂವರು ನಾನ್‌ವೆಜ್, ಏಳು ವರ್ಷದ ಒಂದು ಮಗು. ಮೆನು ಪಟ್ಟಿ, ಒಳಾಂಗಣದ ಫೋಟೋ ಎಲ್ಲ ಆಪ್‌ಗಳಲ್ಲಿವೆ, ಅವನ್ನು ಇಲ್ಲಿ ಬಿಡುತ್ತೇನೆ.

ಮೊದಲು ಕೆಂಡದ ವಿಷಯ. ಬಾರ್ಬೆಕ್ಯೂ ನೇಷನ್ ಎಂಬ ಹೋಟೆಲ್ ಸರಣಿ 2006ರಲ್ಲಿ ಮುಂಬೈನಲ್ಲಿ ಆರಂಭವಾಗಿ ಟೇಬಲ್ ಮೇಲಿನ ಗ್ರಿಲ್ಲನ್ನು ನಮ್ಮ ಕಡೆಯೂ ಮನೆಮಾತಾಗಿಸಿತು. ಈಗ ಊರಿನ ಸಣ್ಣ ಜಾಗಗಳೂ ಅದನ್ನೇ ಮಾಡುತ್ತವೆ. ಎಲ್ಲ ಕಡೆಯೂ ಗೊತ್ತಿರಬೇಕಾದ ಸಂಗತಿ ಒಂದೇ: ಕಂಬಿಯಲ್ಲಿ ಬರುವ ತುಂಡುಗಳು ಹಸಿಯಲ್ಲ. ಒಳಗೆ ತಂದೂರಿನಲ್ಲಿ ಮುಕ್ಕಾಲು ಪಾಲು ಬೆಂದೇ ಬರುತ್ತವೆ. ಟೇಬಲ್ ಕೆಂಡದ ಕೆಲಸ ಬಿಸಿ ಉಳಿಸುವುದು, ಮೇಲೆ ಒಂದು ಸುಟ್ಟ ಗೆರೆ ಮೂಡಿಸುವುದು, ಅಷ್ಟೇ. ಇದು ಗೊತ್ತಿಲ್ಲದೆ ಹತ್ತು ನಿಮಿಷ ಬಿಟ್ಟು ಕೂತರೆ ಎಲ್ಲವೂ ಒಣಗಿ ಕಡ್ಡಿಯಾಗುತ್ತದೆ, ಆಮೇಲೆ ಅಡುಗೆಯವರನ್ನು ಬೈದು ಉಪಯೋಗವಿಲ್ಲ.

ಕೆಂಡ ಬಂದ ಕೂಡಲೇ ಅದರ ಬಣ್ಣ ನೋಡಿ. ಮೇಲೆ ತೆಳುವಾಗಿ ಬಿಳಿ ಬೂದಿ ಕೂತು, ಒಳಗೆ ಕೆಂಪು ಕಾಣುತ್ತಿದ್ದರೆ ಸರಿ. ಇನ್ನೂ ಕಪ್ಪು ಇದ್ದಿಲು ಕಾಣುತ್ತಿದ್ದರೆ ಹೊಗೆಯಾಡುತ್ತದೆ, ತಿಂಡಿಗೆ ಕಮಟು ಹತ್ತುತ್ತದೆ. ಮುಲಾಜಿಲ್ಲದೆ ವಾಪಸ್ ಕಳಿಸಿ. ಪೂರ್ತಿ ಬೂದಿಯಾಗಿದ್ದರೆ ಹಿಂದಿನ ಟೇಬಲ್‌ನಿಂದ ಎತ್ತಿ ತಂದದ್ದು ಅಂತಲೇ ಅರ್ಥ. ಒಂದು ತಟ್ಟೆ ಕೆಂಡ ಸುಮಾರು ಮುಕ್ಕಾಲು ಗಂಟೆ ಒಳ್ಳೆಯ ಕಾವು ಕೊಡುತ್ತದೆ, ಆಮೇಲೆ ಬದಲಿಸಿ ಅಂತ ನಾವೇ ಕೇಳಬೇಕು. ಎಸಿ ಗಾಳಿ ನೇರವಾಗಿ ಬೀಳುವ ಟೇಬಲ್ ಬೇಡ. ಕೆಂಡದ ಮೇಲ್ಭಾಗ ಬೇಗ ಆರುತ್ತದೆ, ಹೊಗೆಯೆಲ್ಲ ಒಂದೇ ಬದಿಯವರ ಮುಖಕ್ಕೆ ನುಗ್ಗುತ್ತದೆ.

ಗ್ರಿಲ್‌ನ ನಡುವೆ ಕಾವು ಹೆಚ್ಚು, ಅಂಚಿನಲ್ಲಿ ಕಡಿಮೆ. ಪನೀರ್ ಅಂಚಿನಲ್ಲಿರಲಿ, ಒಂದೊಂದು ಬದಿಗೆ ಒಂದು ನಿಮಿಷ ಸಾಕು. ಪನೀರ್ ಕರಗುವ ಪದಾರ್ಥವಲ್ಲ, ಕಾವು ಜಾಸ್ತಿಯಾದರೆ ನೀರು ಬಿಟ್ಟು ಬಿಗಿಯುತ್ತದೆ, ಹಲ್ಲಿಗೆ ಕಿರ್ರ್ ಅನ್ನುತ್ತದೆ. ಅಂಥ ತುಂಡನ್ನು ಉಪ್ಪು ಹಾಕಿದ ಬಿಸಿನೀರಿನಲ್ಲಿ ಐದು ನಿಮಿಷ ಬಿಟ್ಟರೆ ತಕ್ಕಮಟ್ಟಿಗೆ ಮೆತ್ತಗಾಗುತ್ತದೆ, ಒಂದು ಬಟ್ಟಲು ಬಿಸಿನೀರು ಕೇಳಿದರೆ ಕೊಡುತ್ತಾರೆ. ಸೀಗಡಿ ಅರ್ಧಚಂದ್ರದಂತೆ ಬಾಗಿದಾಗ ತೆಗೆಯಬೇಕು, ಸೊನ್ನೆಯ ಹಾಗೆ ಸುತ್ತಿಕೊಂಡರೆ ಹೊತ್ತು ಮೀರಿತು. ಕೋಳಿಯನ್ನು ಕಂಬಿಯ ಪಕ್ಕದ ದಪ್ಪ ಭಾಗದಲ್ಲಿ ಮುರಿದು ನೋಡಿ. ಒಳಗಿನ ಕಾವು 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಎನ್ನುವುದು ನಿಯಮ. ಟೇಬಲ್‌ನಲ್ಲಿ ಥರ್ಮಾಮೀಟರ್ ಇರುವುದಿಲ್ಲವಾದ್ದರಿಂದ ಒಸರುವ ರಸ ತಿಳಿಯಾಗಿರಬೇಕು, ಮಾಂಸ ಹಸಿಯಾಗಿ ಜಾರಬಾರದು. ಅನುಮಾನ ಬಂದರೆ ಕೆಂಡದ ಮೇಲೆ ಕಾಯಬೇಡಿ, ತಂದೂರಿಗೇ ಹಿಂತಿರುಗಿಸಿ.

ಸವರುವ ಎಣ್ಣೆಯ ಜತೆ ಸಿಹಿ ಸಾಸ್ ಒಂದು ಇರುತ್ತದೆ. ಅದನ್ನು ಕೊನೆಯ ಅರ್ಧ ನಿಮಿಷದಲ್ಲಿ ಮಾತ್ರ ಸವರಬೇಕು. ಮೊದಲೇ ಸವರಿದರೆ ಸಕ್ಕರೆ ಕರಟಿ ಕಹಿಯಾಗುತ್ತದೆ. ಬೆಣ್ಣೆ ಇದ್ದರೆ ಅದೂ ಹಾಗೇ, ಅದರಲ್ಲಿರುವ ಹಾಲಿನ ಅಂಶ ಸೀದು ಕಪ್ಪು ಚುಕ್ಕಿಯಾಗುತ್ತದೆ. ಎಣ್ಣೆ ಧಾರಾಳವಾಗಿ ಸವರಿದರೆ ಕೆಂಡಕ್ಕೆ ತೊಟ್ಟಿಕ್ಕಿ ಬೆಂಕಿ ಏಳುತ್ತದೆ. ಬ್ರಷ್ಷನ್ನು ಬಟ್ಟಲಿನ ಅಂಚಿಗೆ ಒಮ್ಮೆ ಒತ್ತಿ ಹಿಂಡಿಕೊಂಡು ಸವರಿ.

ಮತ್ತೆ ಬ್ರಷ್‌ಗೇ ಬರೋಣ. ನಮ್ಮ ಮನೆಗಳಲ್ಲಿ ಇದು ರುಚಿಯ ಪ್ರಶ್ನೆಯಲ್ಲ. ಮುಸುರೆ, ಎಂಜಲು ಅನ್ನುವ ಮಾತುಗಳ ನಡುವೆ ಬದುಕಿದವರು ಮೊಮ್ಮಕ್ಕಳ ಒತ್ತಾಯಕ್ಕೆ ಪಬ್ ಬೋರ್ಡಿರುವ ಕಟ್ಟಡದ ಮೆಟ್ಟಿಲು ಹತ್ತುತ್ತಾರೆ. ಅದೇ ದೊಡ್ಡದು. ಅವರ ಪನೀರ್ ಮೇಲೆ ಮೀನಿನ ನೀಚು ಹತ್ತಿದ ಎಣ್ಣೆ ಬಿದ್ದರೆ ಅದು ಅವಮಾನವೇ. ಮೊದಲೆರಡು ವರ್ಷ ಇಲ್ಲಿ ಕೇಳಿದಾಗಲೆಲ್ಲ ಸಿಗುತ್ತಿದ್ದ ಉತ್ತರ, "ಸರ್, ಗ್ರಿಲ್‌ನ ಈ ಕಡೆ ವೆಜ್, ಆ ಕಡೆ ನಾನ್‌ವೆಜ್". ಒಂದೇ ತಟ್ಟೆ ಕೆಂಡ, ಒಂದೇ ಬಟ್ಟಲು, ಒಂದೇ ಬ್ರಷ್ ಇದ್ದ ಮೇಲೆ ಆ ಕಡೆ ಈ ಕಡೆ ಎಲ್ಲಿಂದ ಬಂತು? ಕಂಬಿ ತಿರುಗಿಸಿದಾಗ ಕೋಳಿಯ ಕೊಬ್ಬು ಪಕ್ಕದ ಅಣಬೆಗೆ ಸಿಡಿಯುತ್ತದೆ. ವೇಟರ್ ಕಂಬಿಯಿಂದ ತುಂಡು ಇಳಿಸುವ ಚಿಮಟವೂ ಒಂದೇ.

ನಾಲ್ಕು ವರ್ಷದಲ್ಲಿ ಕೈಗೆ ಹತ್ತಿದ ಕ್ರಮ ಹೀಗಿದೆ. ಎಂಟು ಜನರ ಟೇಬಲ್ ಅಂದರೆ ನಾಲ್ಕು ಜನರ ಎರಡು ಟೇಬಲ್ ಜೋಡಿಸಿದ್ದು, ಹಾಗಾಗಿ ಗ್ರಿಲ್ ಗುಂಡಿ ಎರಡು ಇದ್ದೇ ಇರುತ್ತವೆ. ಬುಕ್ ಮಾಡುವಾಗಲೇ "ಎರಡಕ್ಕೂ ಕೆಂಡ ಬೇಕು, ಒಂದು ಪೂರ್ತಿ ವೆಜ್" ಎಂದು ಹೇಳಬೇಕು. ಟೇಬಲ್‌ಗೆ ಬಂದ ಮೇಲೆ ಹೇಳಿದರೆ ಕೆಂಡ ಕಾಯಿಸಲು ಇಪ್ಪತ್ತು ನಿಮಿಷ ಹೋಗುತ್ತದೆ, ಅಷ್ಟರಲ್ಲಿ ಎಲ್ಲ ಸ್ಟಾರ್ಟರ್ ಒಂದೇ ಗ್ರಿಲ್‌ಗೆ ಬಂದು ಕೂತಿರುತ್ತವೆ. ವೆಜ್ ಗ್ರಿಲ್‌ಗೆ ಬೇರೆ ಬ್ರಷ್, ಬೇರೆ ಬಟ್ಟಲು, ಬೇರೆ ಚಿಮಟ. ವೆಜ್ ಬ್ರಷ್‌ನ ಹಿಡಿಗೆ ಮನೆಯಿಂದ ತಂದ ಹಸಿರು ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕಿಬಿಡಿ. ಬಹಳ ಸಣ್ಣ ಕೆಲಸ, ಆದರೆ ಮಧ್ಯಾಹ್ನ ಮೂರು ಗಂಟೆಗೆ ವೇಟರ್‌ಗಳ ಪಾಳಿ ಬದಲಾಗಿ ಹೊಸಬರು ಬಂದಾಗ ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ, ರಬ್ಬರ್ ಬ್ಯಾಂಡ್ ಕಣ್ಣಿಗೆ ಕಾಣುತ್ತದೆ. ತಪ್ಪುಗಳೆಲ್ಲ ಆಗುವುದು ಪಾಳಿ ಬದಲಾಗುವ ಆ ಹೊತ್ತಿನಲ್ಲೇ.

ಒಂದು ವರ್ಷದಿಂದ ಈ ಜಾಗ ತಿದ್ದಿಕೊಂಡಿದೆ ಎಂಬುದನ್ನು ಮನಸಾರೆ ಹೇಳಬೇಕು. ಬುಕಿಂಗ್ ಚೀಟಿಯ ಮೇಲೆ "ವೆಜ್ ಬೇರೆ" ಎಂದು ಬರೆದು ಟೇಬಲ್‌ಗೇ ಸಿಕ್ಕಿಸುತ್ತಾರೆ. ವೆಜ್ ಕಂಬಿಗಳನ್ನು ಬೇರೆ ಟ್ರೇಯಲ್ಲಿ, ಮೊದಲು ತರುತ್ತಾರೆ. ಅಲ್ಲಿಂದ ಊಟದ ಲಯವೇ ಬದಲಾಯಿತು. ಹಿರಿಯರು ಈಗ ತಾವೇ ಕಂಬಿ ತಿರುಗಿಸುತ್ತಾರೆ. ಅದರಲ್ಲೂ ಅನಾನಸ್. ದಪ್ಪ ತುಂಡಿಗೆ ಖಾರದ ಪುಡಿ, ದಾಲ್ಚಿನ್ನಿ ಪುಡಿ, ಚಿಟಿಕೆ ಉಪ್ಪು ಉದುರಿಸಿ ನಡುಗೆಂಡದ ಮೇಲೆ ಇಟ್ಟರೆ ಅಂಚಿನ ರಸ ಮೊದಲು ಗುಳ್ಳೆ ಗುಳ್ಳೆಯಾಗಿ ಕುದಿಯುತ್ತದೆ, ಆಮೇಲೆ ಅಂಟಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ, ಬೆಲ್ಲದ ಪಾಕದ ವಾಸನೆ ಬರುತ್ತದೆ. ಆ ಕ್ಷಣಕ್ಕೆ ತೆಗೆದು ಮೇಲೆ ನಿಂಬೆ ಹಿಂಡಬೇಕು. ಹಲ್ಲು ಸರಿಯಿಲ್ಲದವರೂ ತಿನ್ನುವಷ್ಟು ಮೆತ್ತಗಿರುತ್ತದೆ. ಇಡೀ ಬಫೆಯಲ್ಲಿ ವಯಸ್ಸಾದವರು ಎರಡನೇ ಸಲ, ಮೂರನೇ ಸಲ ಕೇಳುವುದು ಇದನ್ನೇ. ಕಾಯಿ ಅನಾನಸ್ ಬಂದರೆ ಸುಡಲು ಹೋಗಬೇಡಿ, ಹುಳಿ ಹುಳಿಯಾಗಿಯೇ ಉಳಿಯುತ್ತದೆ.

ಮಗುವಿನ ಜಾಗ ಗ್ರಿಲ್‌ನಿಂದ ದೂರದ ತುದಿಯಲ್ಲಿರಲಿ. ಕೆಂಡ ಗುಂಡಿಯೊಳಗೆ ಇರುವುದರಿಂದ ಅದಕ್ಕಿಂತ ಕಬ್ಬಿಣದ ಕಂಬಿಯೇ ಅಪಾಯ. ತುಂಡು ಇಳಿಸಿದ ಮೇಲೆ ಖಾಲಿ ಕಂಬಿ ತಟ್ಟೆಯ ಪಕ್ಕ ಬಿದ್ದಿರುತ್ತದೆ, ನೋಡಲು ತಣ್ಣಗೆ ಕಾಣುತ್ತದೆ, ಮುಟ್ಟಿದರೆ ಬೊಬ್ಬೆ ಏಳುತ್ತದೆ. ಖಾಲಿಯಾದ ತಕ್ಷಣ ತೆಗೆದುಕೊಂಡು ಹೋಗಲು ಹೇಳಿ.

ಕಬಾಬ್ ಬಣ್ಣವನ್ನೂ ನೋಡಿ. ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ, ಜೂನ್‌ನಲ್ಲಿ ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದೆ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಸುಟ್ಟಾಗ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಸುತ್ತ ಎಣ್ಣೆ ಕೆಂಪಗೆ ಒಸರುತ್ತದೆ. ಸುಟ್ಟ ಮೇಲೂ ತುಂಡು ಒಂದೇ ಸಮ ಹೊಳೆಯುವ ಕೆಂಪಾಗಿದ್ದು, ಕೈ ತೊಳೆದರೂ ಬೆರಳ ತುದಿಯಲ್ಲಿ ಗುಲಾಬಿ ಉಳಿದರೆ ಅನುಮಾನಪಡಿ. ಇಲ್ಲಿ ಈಚೆಗೆ ಕಬಾಬ್ ಮಂಕಾಗಿ ಕಾಣುತ್ತದೆ, ಅದು ಒಳ್ಳೆಯ ಲಕ್ಷಣ. ಐಸ್‌ಕ್ರೀಮ್ ಕೌಂಟರ್‌ನಲ್ಲಿ ಬಿಳಿ ಹೊಗೆ ಬರಿಸುವ ದ್ರವ ಸಾರಜನಕದ ಆಟವನ್ನೂ 2024ರ ಮೇ ತಿಂಗಳಲ್ಲಿ ರಾಜ್ಯದಲ್ಲಿ ನಿಷೇಧಿಸಲಾಗಿದೆ. ಬೇರೆ ಎಲ್ಲಾದರೂ ಕಂಡರೆ ಮಕ್ಕಳನ್ನು ಹತ್ತಿರ ಬಿಡಬೇಡಿ.

ಹೊತ್ತಿನ ವಿಚಾರದಲ್ಲಿ ನನ್ನ ತೀರ್ಪು ಖಡಕ್ಕಾಗಿದೆ: ಮನೆಮಂದಿಗೆ ಮಧ್ಯಾಹ್ನವೇ ಸರಿ. ಹನ್ನೆರಡೂವರೆಗೆ ಹೋದರೆ ಕೆಂಡ ಹೊಸದು, ವೇಟರ್‌ಗಳಿಗೆ ಬಿಡುವು, ಒಬ್ಬರ ಮಾತು ಒಬ್ಬರಿಗೆ ಕೇಳುತ್ತದೆ. ಸಂಜೆ ಏಳೂವರೆ ದಾಟಿದರೆ ಮೇಲಿನ ಪಬ್‌ನ ಬೇಸ್ ಸದ್ದು ಚಾವಣಿಯಿಂದ ಎದೆಗೆ ಬಡಿಯುತ್ತದೆ. ಕಿವಿಗೆ ಯಂತ್ರ ಹಾಕಿಕೊಂಡವರಿಗೆ ಅದು ಹಿಂಸೆ, ಪಾಪ ಯಂತ್ರ ತೆಗೆದಿಟ್ಟು ಸುಮ್ಮನೆ ಕೂತುಬಿಡುತ್ತಾರೆ. ಆರ್‌ಸಿಬಿ ಮ್ಯಾಚ್ ಇರುವ ದಿನ ಕೆಳಗಿನ ಪರದೆಯಲ್ಲೂ ಪಂದ್ಯ ಹಾಕುತ್ತಾರೆ, ಆ ದಿನ ಬೇಡವೇ ಬೇಡ. ಶನಿವಾರ ಮಾಂಸ ಮುಟ್ಟದ ಮನೆಯವರಿಗೆ ಭಾನುವಾರ ಅನುಕೂಲ.

ಬಿಲ್. ಭಾನುವಾರ ಮಧ್ಯಾಹ್ನ ವೆಜ್ 849, ನಾನ್‌ವೆಜ್ 949, ಮಗುವಿಗೆ 449. ನಾಲ್ಕು, ಮೂರು, ಒಂದು ಸೇರಿ 6,692 ರೂಪಾಯಿ. ಶೇ 5 ಜಿಎಸ್‌ಟಿ ಸೇರಿದರೆ 7,027. ಆದರೆ ಕೈಗೆ ಬರುವ ಬಿಲ್‌ನಲ್ಲಿ ಶೇ 10 ಸರ್ವಿಸ್ ಚಾರ್ಜ್ ಕೂತಿರುತ್ತದೆ, ಅದರ ಮೇಲೂ ಜಿಎಸ್‌ಟಿ ಬಿದ್ದು ಮೊತ್ತ 7,729ಕ್ಕೆ ಏರುತ್ತದೆ. ಏಳುನೂರು ರೂಪಾಯಿಯ ವ್ಯತ್ಯಾಸ. ಸರ್ವಿಸ್ ಚಾರ್ಜನ್ನು ತಾನಾಗಿಯೇ ಬಿಲ್‌ಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ತೆಗೆಯಿರಿ ಎಂದರೆ ಇಲ್ಲಿ ಮಾತಿಲ್ಲದೆ ತೆಗೆಯುತ್ತಾರೆ, ಪ್ರತಿ ಸಲ ಕೇಳಬೇಕು ಎನ್ನುವುದೇ ಬೇಸರ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಆ ಹಣದಲ್ಲಿ ಇನ್ನೂರು ಮುನ್ನೂರನ್ನು ಕೆಂಡ ಬದಲಿಸಿದವರ ಕೈಗೇ ಕೊಡಿ. ಯಾರಾದರೂ ಬಿಯರ್ ತೆಗೆದುಕೊಂಡರೆ ಬೇರೆ ಬಿಲ್ ಬರುತ್ತದೆ. ಮದ್ಯ ಜಿಎಸ್‌ಟಿಗೆ ಒಳಪಡುವುದಿಲ್ಲ, ಆ ಬಿಲ್‌ನಲ್ಲಿ ಜಿಎಸ್‌ಟಿ ಸಾಲು ಕಂಡರೆ ಪ್ರಶ್ನಿಸಿ.

ಬಫೆಯ ಮುಖ್ಯ ಊಟದ ಬಗ್ಗೆ ಹೇಳಲು ಹೆಚ್ಚಿಲ್ಲ: ಬಿರಿಯಾನಿ ಸಾಧಾರಣ, ದಾಲ್ ಪರವಾಗಿಲ್ಲ, ಸಿಹಿಗಳು ಅತಿ ಸಿಹಿ. ಮೊಸರನ್ನ ಮಾತ್ರ ಚೆನ್ನಾಗಿದೆ. ಇಂಗು, ಒಣಮೆಣಸಿನಕಾಯಿ ಒಗ್ಗರಣೆ, ಮೇಲೆ ದಾಳಿಂಬೆ. ಈಗಲೂ ಹಿರಿಯರು ಕೊನೆಗೆ ಅದನ್ನೇ ಕೇಳುತ್ತಾರೆ, ಅನಾನಸ್ ಮೂರನೇ ಸುತ್ತು ಮುಗಿದ ಮೇಲೆ.