ನೋ ಡೌಟ್: ಆಲ್ಬಮ್ಮಾ, ಸ್ಟೇಜಾ?

ಒಂದು ವಾರ ಪೂರ್ತಿ ಅಮೆರಿಕದ ರಾಕ್ ಬ್ಯಾಂಡ್ ನೋ ಡೌಟ್‌ನ ಹಾಡುಗಳನ್ನು ಜೋಡಿ ಜೋಡಿಯಾಗಿ ಕೇಳಿದೆ. ಮೊದಲು 1995ರ 'ಟ್ರ್ಯಾಜಿಕ್ ಕಿಂಗ್‌ಡಮ್' ಆಲ್ಬಮ್‌ನಿಂದ ಒಂದು ಹಾಡು. ಅದು ಮುಗಿದ ಕೂಡಲೇ ಅದೇ ಹಾಡು, 1997ರಲ್ಲಿ ಅನಹೈಮ್‌ನಲ್ಲಿ ಚಿತ್ರೀಕರಿಸಿದ ಕಾರ್ಯಕ್ರಮದಿಂದ. ಆಲ್ಬಮ್ ಇಯರ್‌ಫೋನ್‌ನಲ್ಲಿ, ಕಾರ್ಯಕ್ರಮ ಟಿವಿಯಲ್ಲಿ. ಇದೇ ಒಂದು ಮೋಸ ಅಂತ ನೀವು ಹೇಳಬಹುದು. ಒಪ್ಪಿದೆ.

ಕ್ಯಾಲಿಫೋರ್ನಿಯಾದ ಅನಹೈಮ್ ಇವರ ಸ್ವಂತ ಊರು. ಡಿಸ್ನಿಲ್ಯಾಂಡ್ ಇರುವುದೂ ಅಲ್ಲೇ. ಅಲ್ಲಿನ 'ಮ್ಯಾಜಿಕ್ ಕಿಂಗ್‌ಡಮ್' ಅನ್ನುವ ಹೆಸರನ್ನು ತಿರುಚಿಯೇ ಆಲ್ಬಮ್‌ಗೆ ಆ ಹೆಸರಿಟ್ಟದ್ದು. ಹಾಗಾಗಿ ಟಿವಿಯಲ್ಲಿ ಕಾಣುವ ಜನ ಬರೀ ಪ್ರೇಕ್ಷಕರಲ್ಲ, ಊರವರು.

ಮೊದಲು 'ಸ್ಪೈಡರ್‌ವೆಬ್ಸ್'. ಇದರಲ್ಲಿರುವುದು ಜಮೈಕಾದಿಂದ ಬಂದ ಸ್ಕಾ ಅನ್ನುವ ಕುಣಿತದ ಸಂಗೀತ. ಅದರ ಗುಟ್ಟು ಗೊತ್ತಲ್ವಾ? ನೀವು ತೊಡೆ ತಟ್ಟಿ ತಾಳ ಹಾಕುತ್ತಿದ್ದೀರಿ ಅಂದುಕೊಳ್ಳಿ. ಕೈ ಕೆಳಗೆ ಬಿದ್ದಾಗ ಗಿಟಾರ್ ಸುಮ್ನಿರುತ್ತದೆ, ಮೇಲೆದ್ದಾಗ 'ಚಕ್' ಅನ್ನುತ್ತದೆ. ಆಲ್ಬಮ್‌ನಲ್ಲಿ ಟಾಮ್ ಡುಮಾಂಟ್‌ನ ಈ 'ಚಕ್' ಬಹಳ ಚೊಕ್ಕ. ಅತಿ ಚೊಕ್ಕ, ಇಸ್ತ್ರಿ ಹಾಕಿದ ಹಾಗೆ. ಸುಮಾರು ಎರಡೂವರೆ ವರ್ಷ, 11 ಸ್ಟುಡಿಯೊಗಳಲ್ಲಿ ಕೂತು ಮಾಡಿದ ಆಲ್ಬಮ್ ಅಲ್ವಾ, ಇಸ್ತ್ರಿ ಇರಲೇಬೇಕು. ಸ್ಟೇಜ್ ಮೇಲೆ ಆ ಮಡಿಕೆ ನಿಲ್ಲುವುದಿಲ್ಲ. ಏಡ್ರಿಯನ್ ಯಂಗ್‌ನ ಡ್ರಮ್ಸ್ ಎಲ್ಲರನ್ನೂ ಮುಂದಕ್ಕೆ ತಳ್ಳುತ್ತದೆ, ಟ್ರಂಪೆಟ್ ಮತ್ತು ಟ್ರೊಂಬೋನ್ ಮೈಮೇಲೆ ಬಂದ ಹಾಗೆ ಕೇಳುತ್ತವೆ. ನನ್ನ ಕಾಲು ಗೊತ್ತಿಲ್ಲದೆಯೇ ಕುಣಿಯತೊಡಗಿತು. ಇಯರ್‌ಫೋನ್‌ನಲ್ಲಿ ಕೇಳಿದಾಗ ಕುಣಿದದ್ದು ಬರೀ ಬೆರಳು.

'ಜಸ್ಟ್ ಎ ಗರ್ಲ್'ನಲ್ಲಂತೂ ಪೈಪೋಟಿಯೇ ಇಲ್ಲ. ಹುಡುಗಿ ಅಂತ ಕಟ್ಟಿಹಾಕಿದ್ದಕ್ಕೆ ಬಂದ ಸಿಟ್ಟಿನ ಹಾಡು ಅದು. ಬ್ಯಾಂಡ್‌ನ ಗಾಯಕಿ ಗ್ವೆನ್ ಸ್ಟೆಫಾನಿ ನಡುವೆ ಹಾಡು ನಿಲ್ಲಿಸಿ, ತಾನೊಬ್ಬ ಹುಡುಗಿ ಅನ್ನುವ ಸಾಲನ್ನು ಗಂಡಸರ ಬಾಯಲ್ಲೇ ಹಾಡಿಸುತ್ತಾಳೆ. ಗಡ್ಡ ಬಿಟ್ಟವರೂ ಕಿರುಚುತ್ತಾರೆ. ಆಮೇಲೆ ಹೆಂಗಸರ ಸರದಿ. ಸ್ಟುಡಿಯೊದಲ್ಲಿ ಇದನ್ನು ಹೇಗೆ ತರುತ್ತೀರಿ?

'ಎಕ್ಸ್‌ಕ್ಯೂಸ್ ಮಿ ಮಿಸ್ಟರ್' ಎರಡೂ ಕಡೆ ಚೆನ್ನಾಗಿದೆ, ಜಾಸ್ತಿ ಹೇಳುವುದೇನಿಲ್ಲ.

ಸ್ಟೇಜ್ ಸೋತದ್ದು 'ಡೋಂಟ್ ಸ್ಪೀಕ್'ನಲ್ಲಿ. ಆಲ್ಬಮ್‌ನಲ್ಲಿ ಚೆಲ್ಲೊ ಇದೆ. ನಡುವೆ ನೈಲಾನ್ ತಂತಿಯ ಗಿಟಾರ್ ಬರುತ್ತದೆ, ಯಾರೋ ಪಕ್ಕದ ಕೋಣೆಯಲ್ಲಿ ಕೂತು ನುಡಿಸಿದ ಹಾಗೆ. ಗ್ವೆನ್ ಹಾಡುವಾಗ ಉಸಿರೆಳೆದುಕೊಳ್ಳುವುದು ಕೂಡ ಕೇಳುತ್ತದೆ. ಅನಹೈಮ್‌ನಲ್ಲಿ ಸಾವಿರಾರು ಜನ ಕೂಡಿ ಹಾಡಿ ಆ ಕೋಣೆಯ ಗೋಡೆಯನ್ನೇ ಒಡೆದುಹಾಕುತ್ತಾರೆ. ಗುಟ್ಟಾಗಿ ಅಳಬೇಕಾದ ಹಾಡನ್ನು ಜಾತ್ರೆಯಲ್ಲಿ ಅತ್ತಂತೆ.

ಆದರೆ ಕಣ್ಣು ಬೇರೆಯೇ ಹೇಳುತ್ತದೆ. ಗ್ವೆನ್ ಮತ್ತು ಬಾಸ್ ನುಡಿಸುವ ಟೋನಿ ಕನಾಲ್ ಏಳು ವರ್ಷ ಪ್ರೀತಿಸಿ ಬೇರೆಯಾದವರು. ಟೋನಿ ಭಾರತೀಯ ತಂದೆತಾಯಿಯ ಮಗ. ಗ್ವೆನ್‌ಗೆ ಬಿಂದಿಯ ಹುಚ್ಚು ಹಿಡಿದದ್ದು ಆ ಮನೆಯಿಂದ. ಈ ಹಾಡು ಹುಟ್ಟಿದ್ದು ಅವರು ಬೇರೆಯಾದದ್ದರಿಂದಲೇ. ಸ್ಟೇಜ್ ಮೇಲೆ ಅವಳು ಅದನ್ನು ಹಾಡುತ್ತಿದ್ದರೆ, ಆತ ಕೆಲವೇ ಹೆಜ್ಜೆ ಆಚೆ ನಿಂತು ಅದಕ್ಕೆ ಬಾಸ್ ನುಡಿಸುತ್ತಿರುತ್ತಾನೆ. ಪ್ರವಾಸದ ಪ್ರತಿ ರಾತ್ರಿಯೂ ಇದೇ ಕೆಲಸ. ಎರಡನೇ ಸಲ ಹಾಕಿದಾಗ ಟಿವಿಯ ಸದ್ದು ಪೂರ್ತಿ ಇಳಿಸಿ, ಇಯರ್‌ಫೋನ್‌ನಲ್ಲಿ ಆಲ್ಬಮ್‌ನ ಹಾಡು ಕೇಳುತ್ತಾ ಅವನ ಬೆರಳುಗಳನ್ನು ನೋಡುತ್ತಾ ಕೂತೆ. ತಾಳ ಸೇರಲಿಲ್ಲ, ಆದರೂ ನಿಲ್ಲಿಸಲಿಲ್ಲ.