ಸೀಸವಿಲ್ಲದ ಹಿತ್ತಾಳೆ ರಾಡು: ಲೇತಿನ ಮೇಲೆ ಕಂಡಂತೆ

ಕುಡಿಯುವ ನೀರು ತಾಗುವ ಮೇಲ್ಮೈಗಳಲ್ಲಿ ಸೀಸದ ಸರಾಸರಿ ಪ್ರಮಾಣ ಶೇ. 0.25ನ್ನು ಮೀರಬಾರದೆಂಬ ನಿಯಮ ಅಮೆರಿಕದಲ್ಲಿ 2014ರಿಂದ ಜಾರಿಯಲ್ಲಿರುವುದರಿಂದ, ರಫ್ತಿನ ನಲ್ಲಿ ಬಿಡಿಭಾಗಗಳಿಗೆಂದು ಪೀಣ್ಯದ ನಮ್ಮ ವರ್ಕ್‌ಶಾಪಿಗೆ ಸಿ69300 ದರ್ಜೆಯ ಸಿಲಿಕಾನ್ ಹಿತ್ತಾಳೆ ರಾಡುಗಳನ್ನು ತರಿಸಿದೆವು. ಇದರಲ್ಲಿ ಸುಮಾರು ಶೇ. 76 ತಾಮ್ರ, ಶೇ. 3 ಸಿಲಿಕಾನ್, ತುಸು ರಂಜಕವಿದ್ದು, ಉಳಿದದ್ದೆಲ್ಲ ಸತು. ಸಿಲಿಕಾನಿನಿಂದ ಹುಟ್ಟುವ ಗಟ್ಟಿ ಕಣಗಳ ದೆಸೆಯಿಂದ ಲೇತಿನಲ್ಲಿ ಕಡೆಯುವಾಗ ಏಳುವ ಲೋಹದ ಸಿಪ್ಪೆಯು ಉದ್ದ ಸುರುಳಿಯಾಗಿ ಟೂಲಿಗೆ ಸುತ್ತಿಕೊಳ್ಳದೆ ಚೂರುಚೂರಾಗಿ ಉದುರುತ್ತದೆ. ಈ ವಿಷಯದಲ್ಲಿ ನನಗೆ ಪೂರ್ಣ ತೃಪ್ತಿಯಿದೆ. ಆದರೆ ಹಳೆಯ ಹಿತ್ತಾಳೆಯಲ್ಲಿದ್ದ ಸೀಸವು ಜಾರೆಣ್ಣೆಯಂತೆಯೂ ನೆರವಾಗುತ್ತಿತ್ತು, ಈ ಕಣಗಳು ಹಾಗಲ್ಲ. ಟೂಲಿನ ತುದಿಗೆ ಕೂರಿಸುವ ಕತ್ತರಿಸುವ ಬಿಲ್ಲೆಯ, ಅಂದರೆ ಇನ್ಸರ್ಟಿನ, ಅಂಚು ಬೇಗ ಮೊಂಡಾಗುವುದರಿಂದ ಬಹು ಗಟ್ಟಿಯಾದ ಕಾರ್ಬೈಡ್ ಟೂಲಿಲ್ಲದೆ ಇದಕ್ಕೆ ಕೈಹಾಕಬಾರದು. ಮೊದಲ ದಿನ ಹುಡುಗರು ಹಳೆಯ ಸೀಸದ ಹಿತ್ತಾಳೆಯ ಮತ್ತು ಈ ಹೊಸದರ ಸಿಪ್ಪೆಗಳನ್ನು ಒಂದೇ ಡ್ರಮ್ಮಿಗೆ ಸುರಿದರು. ಗುಜರಿಯವರು ಬೆರಕೆ ಮಾಲೆಂದು ದರ ಇಳಿಸಿದರು.